ಜೇಬಿನಲ್ಲಿಟ್ಟ ಮನಸ್ಸು

ನನ್ನ ಮನಸ್ಸು ಬಲಗಾಲಿನ ಹಿಮ್ಮಡಿಯಲ್ಲಿದೆ. ಆರನೆಯ ವರ್ಷದಲ್ಲಿ, ಗುರುತಿನ ದಿನ, ಎಲ್ಲ ಮಕ್ಕಳಂತೆ ನನ್ನ ತೋರುಬೆರಳಿಗೂ ನೀಲಿ ಶಾಯಿ ಹಚ್ಚಿ "ಮನಸ್ಸು ಎಲ್ಲಿದೆ, ಮುಟ್ಟಿ ತೋರಿಸು" ಎಂದರು. ಆ ಬೆಳಿಗ್ಗೆ ಶಾಲೆಗೆ ಬರುವ ದಾರಿಯಲ್ಲಿ ಹಿಮ್ಮಡಿಗೆ ಮುಳ್ಳು ಹೊಕ್ಕಿತ್ತು. ಬೇರೆ ಯಾವ ಯೋಚನೆಯೂ ತಲೆಗೆ ಬರುತ್ತಿರಲಿಲ್ಲ. ಬಗ್ಗಿ ಅಲ್ಲೇ ಮುಟ್ಟಿದೆ. ನಮ್ಮೂರಿನಲ್ಲಿ ಮಗು ಆ ದಿನ ಎಲ್ಲಿ ಮುಟ್ಟುತ್ತದೋ ಮನಸ್ಸು ಅಲ್ಲಿ ನೆಲೆಯಾಗುತ್ತದೆ, ಮತ್ತೆ ಕದಲುವುದಿಲ್ಲ. ಹತ್ತೊಂಬತ್ತು ವರ್ಷದಿಂದ ನಾನು ಹಿಟ್ಟಿನ ಗಿರಣಿಯ ಸಿಮೆಂಟು ನೆಲದ ಮೇಲೆ, ದಿನಕ್ಕೆ ಹನ್ನೊಂದು ಗಂಟೆ, ನನ್ನ ಮನಸ್ಸಿನ ಮೇಲೆ ನಾನೇ ನಿಂತಿದ್ದೇನೆ.

ದೂರುವಂಥದ್ದೇನೂ ಇಲ್ಲ. ಊರು ಹೊಂದಿಕೊಂಡಿದೆ. ಕ್ಷೌರದಂಗಡಿಯವನು ಕತ್ತರಿ ಹಿಡಿಯುವ ಮೊದಲು "ನಿಮ್ಮದೆಲ್ಲಿ ಸ್ವಾಮಿ?" ಎಂದು ಕೇಳುತ್ತಾನೆ. ಬಸ್ಸಿನಲ್ಲಿ ಮುಂದಿನ ಎರಡು ಸೀಟು ಮೊಣಕಾಲಿನವರಿಗೆ. ಹೆಣ್ಣು ನೋಡಲು ಹೋದವರು ಜಾತಕಕ್ಕಿಂತ ಮೊದಲು ಇದನ್ನು ವಿಚಾರಿಸುತ್ತಾರೆ. ನನ್ನ ಹೆಂಡತಿ ಮಹದೇವಿಯದು ಎಡಗಿವಿಯ ಹಿಂದೆ. ಅವಳಿಗೆ ಆಸ್ಪತ್ರೆಯಲ್ಲಿ ಆಯಾ ಕೆಲಸ. ಮುಖಗವಸಿನ ದಾರವನ್ನು ಕಿವಿಗೆ ಸಿಕ್ಕಿಸಿದರೆ ರೋಗಿಗಳ ಮೇಲೆ ವಿನಾಕಾರಣ ರೇಗುತ್ತಾಳೆಂದು ತಲೆಯ ಹಿಂದೆ ಗಂಟು ಹಾಕಿಕೊಳ್ಳುತ್ತಾಳೆ.

ಒಂದು ವಿಷಯದಲ್ಲಿ ಮಾತ್ರ ಯಾರಿಗೂ ರಿಯಾಯಿತಿ ಇಲ್ಲ. ಮಕ್ಕಳಿಗೆ ಹೇಳಿಕೊಡುವ ಹಾಗಿಲ್ಲ. ಹೇಳಿಕೊಟ್ಟ ಜಾಗದಲ್ಲಿ ಮನಸ್ಸು ಹಿಡಿಯುವುದಿಲ್ಲ. ಸೀಮೆಎಣ್ಣೆ ವ್ಯಾಪಾರಿಯೊಬ್ಬರು ಮಗನಿಗೆ "ಹಣೆ ಮುಟ್ಟು" ಎಂದು ವಾರವಿಡೀ ಪಾಠ ಮಾಡಿಸಿದ್ದರು. ಆ ಮಗನಿಗೆ ಈಗ ನಲವತ್ತು ದಾಟಿದೆ. ಬೀದಿಯಲ್ಲಿ ಸಿಕ್ಕಿದವರನ್ನೆಲ್ಲ ನಿಲ್ಲಿಸಿ, ತಾನು ಎಲ್ಲಿಗೆ ಹೊರಟಿದ್ದೆನೆಂದು ಕೇಳುತ್ತಾನೆ. ಹಾಗಾಗಿ ದೊಡ್ಡವರು ಪ್ರಶ್ನೆ ಕೇಳಬಹುದು, ಉತ್ತರ ಹೇಳಬಾರದು. ಐದು ವರ್ಷದ ಮಕ್ಕಳಿರುವ ಮನೆಗಳಲ್ಲಿ ಇಡೀ ದಿನ ಪ್ರಶ್ನೆಗಳೇ. ನಿದ್ದೆ ಬಂದಾಗ ನಿನ್ನಲ್ಲಿ ಯಾರು ಮಲಗುತ್ತಾರೆ, ಕೋಪ ಮೊದಲು ಎಲ್ಲಿ ಬಿಸಿಯಾಗುತ್ತದೆ, ಮರೆತುಹೋದ ಹಾಡು ಮರೆತಾಗ ಎಲ್ಲಿರುತ್ತದೆ. ಕೇಳಿ ಕೇಳಿ ಅಪ್ಪ ಅಮ್ಮಂದಿರು ಸೋಲುತ್ತಾರೆ, ಮಕ್ಕಳು ಸೋಲುವುದಿಲ್ಲ.

ನಮ್ಮ ಮಗಳು ನೀಲಾಳ ವಿಷಯದಲ್ಲಿ ನಾನು ತಪ್ಪಿದ್ದು ಬಹಳ ಮೊದಲೇ. ಅವಳಿಗೆ ಆಗ ನಾಲ್ಕು ತುಂಬಿರಲಿಲ್ಲ. ಅಂಗನವಾಡಿ ಬಿಟ್ಟ ಮೇಲೆ ಗಿರಣಿಗೇ ಬರುತ್ತಿದ್ದಳು, ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಒಂದು ದಿನ ಮೋಟರು ಓಡುತ್ತಿದ್ದಾಗ ಕಿವಿ ಮುಚ್ಚಿಕೊಂಡು ಅಳಲು ಶುರುಮಾಡಿದಳು. "ಅಪ್ಪಾ, ನಾನು ಯೋಚ್ನೆ ಮಾಡಿದ್ದೆಲ್ಲ ಅಲ್ಲಾಡಿ ಅಲ್ಲಾಡಿ ಬಿದ್ದೋಗ್ತಿದೆ!" ಎಂದು ಕಿರುಚಿದಳು. ಸಾಲಿನಲ್ಲಿ ಹದಿನಾಲ್ಕು ಡಬ್ಬ ಕಾಯುತ್ತಿದ್ದವು. ನಾನೂ ಕಿರುಚಿದೆ: "ಕೊಡಿಲ್ಲಿ, ಮೋಟರ್ ನಿಲ್ಲೋವರ್ಗೂ ನಾನಿಟ್ಕೊಂಡಿರ್ತೀನಿ!" ಅವಳು ಅಳು ನಿಲ್ಲಿಸಿದಳು. ಎರಡೂ ಕೈಯಲ್ಲಿ ಏನನ್ನೋ ಬೊಗಸೆ ತುಂಬಿಕೊಂಡವಳಂತೆ ಬಂದು, ನಾನು ಬಗ್ಗಿದಾಗ, ನನ್ನ ಅಂಗಿಯ ಜೇಬಿಗೆ ಜೋಪಾನವಾಗಿ ಸುರಿದಳು. ಆಮೇಲೆ ಗೋಣಿಚೀಲದ ಮೇಲೆ ಕುಳಿತು ಸಂಜೆಯವರೆಗೂ ಸುಮ್ಮನೆ ಆಡಿಕೊಂಡಳು. ನನಗೆ ಬೇಕಾಗಿದ್ದುದೂ ಅದೇ. ಅಂದಿನಿಂದ ಅದು ದಿನದ ರೂಢಿಯಾಯಿತು. ಸಂಜೆ ವಾಪಸು ಕೊಡಬೇಕು. ಎಷ್ಟೋ ದಿನ ನಾನು ಮರೆಯುತ್ತಿದ್ದೆ, ಅವಳೂ ಕೇಳುತ್ತಿರಲಿಲ್ಲ. ಶಾಲೆಗೆ ಸೇರಿದ ಮೇಲೆ ಬೆಳಿಗ್ಗೆಯೇ ಕೊಟ್ಟು ಹೋಗಲು ಶುರುಮಾಡಿದಳು. ಅದೂ ನನಗೆ ವಿಚಿತ್ರವಾಗಿ ಕಾಣಲಿಲ್ಲ. ದಣಿದ ಮನುಷ್ಯ ನಡೆಯುತ್ತಿರುವುದನ್ನು ಹಾಗೆಯೇ ನಡೆಯಲು ಬಿಡುತ್ತಾನೆ.

ಗುರುತಿನ ದಿನಕ್ಕೆ ಒಂದು ತಿಂಗಳಿರುವಾಗ ವಾರಿಜಾಕ್ಷಿ ಟೀಚರ್ ರಾಗಿ ಡಬ್ಬ ಹಿಡಿದು ಬಂದರು. ಡಬ್ಬವನ್ನು ಸಾಲಿನಲ್ಲಿಡದೆ ನನ್ನ ಕೈಗೇ ಕೊಟ್ಟರು.

"ಮಾದಪ್ಪನವರೇ, ಇವತ್ತು ಮಕ್ಕಳನ್ನ ಸುಮ್ನೆ ಒಂದ್ಸಲ ಕೇಳ್ದೆ, ಯಾರ್ಯಾರು ಎಲ್ಲಿ ತೋರಿಸ್ತೀರಾ ಅಂತ. ನಿಮ್ಮ ಮಗಳು ಏನಂದ್ಲು ಗೊತ್ತಾ?"

"ಏನಂದ್ಲು ಟೀಚರ್?"

"'ನಂದು ನನ್ಹತ್ರ ಇಲ್ಲ ಮಿಸ್, ನಮ್ಮಪ್ಪನ ಜೇಬಲ್ಲಿದೆ' ಅಂದ್ಲು."

ನಾನು ಜೇಬಿನತ್ತ ನೋಡಿಕೊಂಡೆ. ಒಂದು ಬೀಡಿಕಟ್ಟು, ಗಿರಣಿಯ ಬೆಲ್ಟಿಗೆ ಹಚ್ಚುವ ಮೇಣದ ತುಂಡು ಇದ್ದವು.

"ಅದು ಆಟಕ್ಕೆ ಹೇಳಿದ್ದು ಟೀಚರ್. ಹೇಳ್ಕೊಟ್ಟಂಗಾಯ್ತಲ್ಲ, ಹಿಡಿಯಲ್ಲ ಬಿಡಿ."

"ನೀವು ಆಟಕ್ಕೆ ಹೇಳಿದ್ರಿ. ಅವಳು ಎರಡು ವರ್ಷದಿಂದ ತಾನಾಗೇ ನಂಬ್ಕೊಂಡಿದ್ದಾಳೆ. ಹಿಡಿಯುತ್ತೆ," ಎಂದರು ಟೀಚರ್. "ಬೋರಣ್ಣನ ತಮ್ಮಂದು ಹಿಡೀಲಿಲ್ವಾ?"

ಬೋರಣ್ಣ ನನ್ನ ಗಿರಣಿಗೆ ವಾರಕ್ಕೊಮ್ಮೆ ಬರುತ್ತಾನೆ. ಅವನ ಹಿಂದೆ ಮೂರು ಹೆಜ್ಜೆ ದೂರದಲ್ಲಿ ತಮ್ಮ ಚಿಕ್ಕನಂಜ. ಗುರುತಿನ ದಿನ ಚಿಕ್ಕನಂಜ ತನ್ನನ್ನು ಶಾಲೆಗೆ ಹೊತ್ತುತಂದಿದ್ದ ಅಣ್ಣನ ಹೆಗಲನ್ನು ಮುಟ್ಟಿಬಿಟ್ಟಿದ್ದ. ಅಣ್ಣ ಹತ್ತಿರವಿದ್ದರೆ ಅವನಷ್ಟು ಚುರುಕು ಯಾರೂ ಇಲ್ಲ, ತೂಕದಲ್ಲಿ ನೂರು ಗ್ರಾಂ ಆಚೀಚೆಯಾದರೆ ಕಣ್ಣಲ್ಲೇ ಹಿಡಿಯುತ್ತಾನೆ. ಅಣ್ಣ ಊರಾಚೆಯ ಸೇತುವೆ ದಾಟಿದರೆ ಮುಗಿಯಿತು. ಕೂತಲ್ಲೇ ಕೂತಿರುತ್ತಾನೆ, ಬಾಯಿಗಿಟ್ಟ ತುತ್ತು ಬಾಯಲ್ಲೇ ಇರುತ್ತದೆ. ಮೂವತ್ತೆರಡು ವರ್ಷದಲ್ಲಿ ಬೋರಣ್ಣ ಸೇತುವೆ ದಾಟಿದ್ದು ಎರಡೇ ಸಲ. ನಾನು ಒಮ್ಮೆ ಕೇಳಿದ್ದೆ, ಭಾರ ಅನ್ನಿಸುವುದಿಲ್ಲವೇ ಎಂದು. "ಭಾರ ಏನಿಲ್ಲ ಕಣಯ್ಯ," ಎಂದಿದ್ದ. "ಆದ್ರೆ ನಾನು ಸಾಯೋ ಹಂಗಿಲ್ಲ."

ಅಂದು ಮಹದೇವಿ ಕೆಲಸದಿಂದ ಬಂದೊಡನೆ ಹೇಳಿದೆ. ಅವಳು ಚಪ್ಪಲಿಯನ್ನೂ ಬಿಚ್ಚದೆ ನಿಂತು ಕೇಳಿದಳು.

"ಜೇಬು ಅಂದ್ರೆ ಅಂಗೀನಾ, ನೀವಾ?"

"ಅದು ಅವಳಿಗೇ ಗೊತ್ತು."

"ಅಂಗಿಯಾದ್ರೆ ಪರ್ವಾಗಿಲ್ಲ. ಹ್ಯಾಂಗರಿಗೆ ಹಾಕಿ ಜೊತೇಲಿ ಕಳ್ಸಿ ಮದುವೆ ಮಾಡ್ಬೋದು. ನೀವಾದ್ರೆ..." ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಸ್ಪತ್ರೆಯವರು ಮನುಷ್ಯರನ್ನು ನೋಡುವ ರೀತಿಯೇ ಬೇರೆ, ಅವರು ವರ್ಷ ಎಣಿಸುತ್ತಾರೆ. ಹತ್ತೊಂಬತ್ತು ವರ್ಷದ ಹಿಟ್ಟಿನ ಧೂಳು ನನ್ನ ಎದೆಯಲ್ಲಿದೆ ಎಂಬುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. "ಏನಾದ್ರೂ ಕೇಳಿ ಅವಳನ್ನ. ಕೇಳಿ ಕೇಳಿ ಬಿಡಿಸಿ. ಹೇಳೋಕೆ ಮಾತ್ರ ಹೋಗ್ಬೇಡಿ."

ಹಾಗಾಗಿ ನಾನು ಕೇಳತೊಡಗಿದೆ. ಒಂದು ಡಬ್ಬಕ್ಕೂ ಇನ್ನೊಂದಕ್ಕೂ ನಡುವೆ ಮೋಟರು ನಿಲ್ಲಿಸಿದಾಗ ಎರಡು ನಿಮಿಷ ಸಿಗುತ್ತಿತ್ತು.

"ನೀಲಾ, ನೋಡು, ಜೇಬು ಖಾಲಿ ಇದೆಯಲ್ಲ?" ಎಂದು ಒಳಗನ್ನು ಹೊರಗೆಳೆದು ತೋರಿಸಿದೆ.

"ನಿನ್ನ ಹಿಮ್ಮಡಿ ಕೊಯ್ದು ನೋಡಿದ್ರೆ ಕಾಣುತ್ತಾ?"

"ಸರಿ. ನಾನು ನಿನ್ನೆ ಬೆಲ್ಟ್ ತರೋಕೆ ಪೇಟೆಗೆ ಹೋಗಿದ್ನಲ್ಲ, ಜೇಬೂ ನನ್ಜೊತೆ ಬಂತು. ನೀನಿಲ್ಲಿ ಕೂತು ಮಗ್ಗಿ ಬರೆದೆ. ಯಾವುದರಲ್ಲಿ ಯೋಚ್ನೆ ಮಾಡ್ದೆ?"

ಅವಳು ಯಂತ್ರದ ಕಡೆ ನೋಡಿದಳು. ಅಕ್ಕಿ ಬೀಸಿದ ಮೇಲೆ ರಾಗಿ ಹಾಕಿದರೆ ಮೊದಲ ಎರಡು ಹಿಡಿ ಹಿಟ್ಟು ಬೆಳ್ಳಗೆ ಬೀಳುತ್ತದೆ. ಹಿಂದಿನವರದ್ದು ಒಳಗೆ ಉಳಿದಿರುತ್ತದೆ. ಎಷ್ಟೇ ತಟ್ಟಿದರೂ ಪೂರ್ತಿ ಖಾಲಿಯಾಗುವ ಗಿರಣಿ ಇಲ್ಲ, ಅದಕ್ಕೆ ಹೆಂಗಸರು ನನ್ನೊಡನೆ ದಿನವೂ ಜಗಳವಾಡುತ್ತಾರೆ.

"ಮಿಷನ್ನಲ್ಲಿ ಉಳ್ಕೊಳುತ್ತಲ್ಲ, ಹಂಗೆ," ಎಂದಳು ನೀಲಾ. "ನಿಂಗೆ ಸುರಿದ್ಮೇಲೂ ನನ್ನೊಳಗೆ ಎರಡು ಹಿಡಿ ಇರುತ್ತೆ. ಮಗ್ಗಿಗೆ ಅಷ್ಟು ಸಾಕು."

ಸಾಲಿನಲ್ಲಿದ್ದ ಹೆಂಗಸೊಬ್ಬರು ನಕ್ಕರು. "ಮಾದಪ್ಪ, ನಮ್ಮ ಎರಡು ಹಿಡಿ ಅಕ್ಕಿಹಿಟ್ಟನ್ನೂ ಹಂಗೇ ವಾಪಸ್ ಕೊಡಪ್ಪ" ಎಂದರು.

ಇನ್ನೊಂದು ದಿನ ಜೇಬಿನ ಮೇಲೆ ಜೋರಾಗಿ ಬಡಿದುಕೊಂಡೆ. "ನೋವಾಯ್ತಾ ನಿಂಗೆ?"

"ಇಲ್ಲ."

"ನಿನ್ನ ಮನಸ್ಸಿಗೆ ಹೊಡೆದ್ರೆ ನಿಂಗೆ ನೋವಾಗ್ಬೇಡ್ವಾ?"

"ನೀನು ಸುಮ್ನೆ ಹೊಡ್ಕೊಂಡೆ. ಆವತ್ತು ಬೆಲ್ಟ್ ಕಿತ್ತು ನಿನ್ನ ಕೈಗೆ ಬಡೀತಲ್ಲ, ಆಗ ನಂಗೆ ನೋವಾಯ್ತು. ನೀನು ಅಳ್ಲಿಲ್ಲ, ನಾನೇ ಅತ್ತೆ."

ಅದು ನಿಜ. ಎರಡು ವಾರ ಹೀಗೆ ಕಳೆಯಿತು. ಐದು ವರ್ಷದ ಮಗುವಿನೊಡನೆ ಇಂಥ ವಾದ ಹೂಡಿದವರಿಗೆ ಗೊತ್ತಿರುತ್ತದೆ, ನಾವು ಬೇಲಿ ಹಾಕುವ ಕಡೆಯಿಂದಲೇ ಅವರು ಒಳಗೆ ಬರುತ್ತಾರೆ.

ಮಹದೇವಿಗೆ ತಾಳ್ಮೆ ಮುಗಿಯಿತು. ಒಂದು ಭಾನುವಾರ ಅವಳು ನನ್ನ ನಾಲ್ಕೂ ಅಂಗಿಗಳ ಜೇಬಿನ ಹೊಲಿಗೆ ಬಿಚ್ಚಿ ಕಿತ್ತು ಹಾಕಿದಳು. "ನಾವೇನೂ ಹೇಳಿಲ್ಲ. ಜೇಬು ಹಳೇದಾಗಿತ್ತು, ಕಿತ್ತೆ. ಅದರಲ್ಲೇನು ತಪ್ಪು?" ಎಂದಳು. ಬಟ್ಟೆ ಬಿಸಿಲಿಗೆ ಬಣ್ಣಗೆಟ್ಟಿದ್ದರೂ ಜೇಬಿದ್ದ ಕಡೆ ಗಾಢ ಬಣ್ಣದ ಚೌಕವೊಂದು ಉಳಿದಿತ್ತು. ಮರುದಿನ ನೀಲಾ ಬೊಗಸೆ ಹಿಡಿದು ಬಂದವಳು ಆ ಚೌಕವನ್ನು ನೋಡಿ ನಿಂತಳು. ಬೆರಳಿನಿಂದ ಒತ್ತಿ ನೋಡಿದಳು. ನಾವಿಬ್ಬರೂ ನೋಡುತ್ತಿದ್ದೆವು.

"ಓ, ಒಳಗಡೆ ಹೋಗ್ಬಿಟ್ಟಿದೆ," ಎಂದಳು. "ಇನ್ಮೇಲೆ ಬಿದ್ದೋಗಲ್ಲ." ಬೊಗಸೆಯನ್ನು ನನ್ನ ಎದೆಗೇ ಒತ್ತಿ ಶಾಲೆಗೆ ಹೋದಳು.

ಮಹದೇವಿ ಬಾಗಿಲಿಗೆ ಒರಗಿ ನಿಂತಳು. "ಅಂಗೀಲಾದ್ರೂ ಇತ್ತು," ಎಂದಳು. "ಈಗ ಮೈಗೇ ಬಂತು. ನಾನೇ ತಂದೆ."

ಗುರುತಿನ ದಿನಕ್ಕೆ ಹತ್ತು ದಿನ ಉಳಿದಿತ್ತು. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಸಾಲಿನಲ್ಲಿದ್ದವರು ಡಬ್ಬಗಳನ್ನು ಬಿಟ್ಟು ಮನೆಗೆ ಹೋದರು. ನಾನು ಮತ್ತು ನೀಲಾ ಗೋಣಿಚೀಲಗಳ ಮೇಲೆ ಕಡಲೆಪುರಿ ತಿನ್ನುತ್ತ ಕುಳಿತೆವು. ಜಾಣ ಪ್ರಶ್ನೆಗಳೆಲ್ಲ ನನ್ನಲ್ಲಿ ಮುಗಿದಿದ್ದವು. ಕಾಲು ನೋಯುತ್ತಿತ್ತು, ಅಂದರೆ ಯೋಚನೆಯೂ ನೋಯುತ್ತಿತ್ತು. ಹಿಮ್ಮಡಿಯನ್ನು ಉಜ್ಜಿಕೊಳ್ಳುತ್ತ, ಬೇರೇನೂ ತೋಚದೆ ಕೇಳಿದೆ:

"ಈಗ ಮೋಟರ್ ಸದ್ದಿಗೆ ಹೆದರಲ್ಲ ನೀನು. ಮತ್ಯಾಕೆ ನನ್ಹತ್ರ ಇಡ್ತೀಯ?"

"ಸದ್ದಿಗಲ್ಲ."

"ಮತ್ತೆ?"

ಅವಳು ಕಡಲೆಬೀಜಗಳನ್ನು ಆರಿಸಿ ನನ್ನ ಕಡೆ ಸರಿಸುತ್ತಿದ್ದಳು, ಪುರಿಯನ್ನು ತನಗಿಟ್ಟುಕೊಳ್ಳುತ್ತಿದ್ದಳು. "ನಿಂದು ಕೆಳಗಡೆ ಇದೆ. ದಿನಾ ತುಳೀತಾ ಇರ್ತೀಯ. ಮೇಲುಗಡೆ ಎಲ್ಲಾ ಖಾಲಿ. ನಾನು ಸ್ಕೂಲಿಗೆ ಹೋದ್ರೆ ಇಲ್ಲಿ ನೀನೊಬ್ನೇ ಇರ್ತೀಯ. ಅದಕ್ಕೆ ನಂದು ಬಿಟ್ಟೋಗ್ತೀನಿ."

"ನನಗೋಸ್ಕರಾನಾ?"

"ಇನ್ಯಾರಿಗೆ? ನಂಗೇನು, ನಂಗೆ ಸ್ಕೂಲಲ್ಲಿ ಜೊತೆ ಇದ್ದಾರೆ."

ಎರಡು ವರ್ಷ ನಾನು ಅವಳದನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಕಾವಲಿಗೆ ನಿಂತಿದ್ದವಳು ಅವಳು. ಇದನ್ನು ಮಹದೇವಿಗೆ ಹೇಳಿದಾಗ ಅವಳು ಬೇಳೆ ಆರಿಸುತ್ತಿದ್ದ ಮೊರವನ್ನು ಬದಿಗಿಟ್ಟಳು. "ಇದಕ್ಕೆ ಏನಂತ ಕೇಳ್ತೀರಿ?" ಎಂದಳು. ನನಗೆ ಯಾರೂ ಬೇಡ, ನಾನು ಚೆನ್ನಾಗಿದ್ದೇನೆ ಎಂದು ಮಗುವಿಗೆ ಹೇಳಿದರೆ ಅದು ಹೇಳಿಕೊಟ್ಟಂತಾಗುತ್ತದೆ. ಅಲ್ಲದೆ, ಅದು ಸುಳ್ಳೂ ಆಗಬಹುದಿತ್ತು.

ಅದಾದ ನಾಲ್ಕನೆಯ ದಿನ ಬೋರಣ್ಣ ಗೋಧಿ ತಂದ. ಜೇಬಿಲ್ಲದ ಅಂಗಿಯನ್ನು ನೋಡಿದ.

"ಏನ್ ಮಾದ, ಜೇಬೆಲ್ಲಿ?"

"ಹೆಂಡ್ತಿ ಕಿತ್ತಾಕಿದ್ಲು."

"ಅಯ್ಯೋ ಶಿವನೇ. ನನ್ನ ಹೆಂಡ್ತೀನ ಬಾಯ್ತುಂಬಾ ಬೈತಿದ್ದೆನಲ್ಲೋ! ಅವಳು ಪಾಪ, ಒಳಗಿರೋದನ್ನಷ್ಟೇ ಕಿತ್ಕೊಂಡು ಜೇಬು ನಂಗೇ ಬಿಡ್ತಾಳೆ."

ಹಿಂದೆ ನಿಂತಿದ್ದ ಚಿಕ್ಕನಂಜ, "ಅಣ್ಣ, ನಿಂಗೆ ಜೇಬು ಬಿಡೋದು ಖಾಲಿ ಪೆಟ್ಟಿಗೆ ಬೀಗದ ಕೈ ಇಟ್ಕೊಳ್ಳೋಕೆ. ಅದು ನಂಗೆ ಗೊತ್ತು, ನಿಂಗೆ ಗೊತ್ತಿಲ್ಲ," ಎಂದ. ನನಗೆ ನಗು ತಡೆಯಲಾಗಲಿಲ್ಲ. ಯಂತ್ರಕ್ಕೆ ಒರಗಿ, ಹೊಟ್ಟೆ ಹಿಡಿದು, ರೆಪ್ಪೆಯ ಮೇಲಿನ ಹಿಟ್ಟೆಲ್ಲ ಉದುರುವಂತೆ ನಕ್ಕೆ. ಬೋರಣ್ಣನ ತಲೆಯ ಟವೆಲ್ಲನ್ನು ಕಿತ್ತು ನನ್ನ ಹೆಗಲಿಗೆ ಹಾಕಿಕೊಂಡು ಅವನ ನಡಿಗೆ ನಡೆದು ತೋರಿಸಿದೆ. ತಿರುಗುವಾಗ ರಸ್ತೆಯಾಚೆ ನೀಲಾ ಕಂಡಳು. ಬೆನ್ನಿಗೆ ಚೀಲ ಹಾಕಿಕೊಂಡು ಹೊಲಿಗೆಯಂಗಡಿಯ ಮೆಟ್ಟಿಲ ಹತ್ತಿರ ನಿಂತಿದ್ದಳು. ಅಂದು ಶಾಲೆಗೆ ಅರ್ಧ ದಿನ ರಜೆಯಂತೆ.

ಅವಳು ಒಳಗೆ ಬರುವ ಹೊತ್ತಿಗೆ ಅಣ್ಣತಮ್ಮಂದಿರು ಹೋಗಿದ್ದರು.

"ಯಾವಾಗ ಬಂದೆ?"

"ಆಗ್ಲೇ."

"ಒಳಗೆ ಬರೋದಲ್ವಾ?"

"ನೀನು ನಗ್ತಿದ್ದೆ," ಎಂದಳು. ಚೀಲ ಬಿಚ್ಚಲಿಲ್ಲ. "ಇವತ್ತು ಬೆಳಿಗ್ಗೆ ಲೇಟಾಯ್ತು ಅಂತ ನಂದು ಕೊಡೋದು ಮರ್ತಿದ್ದೆ. ಸ್ಕೂಲಲ್ಲಿ ನೆನಪಾಯ್ತು. ಅದಕ್ಕೇ ಓಡ್ಬಂದೆ."

"ಹೂಂ."

"ನಂದು ಇಲ್ಲದಿದ್ರೂ ನಗ್ತಿದ್ದೆ."

"ಹೂಂ."

"ದಿನಾ ನಗ್ತೀಯಾ?"

ಸುಳ್ಳು ಹೇಳಬಹುದಿತ್ತು. "ದಿನಾ ಇಲ್ಲ. ಬೋರಣ್ಣ ಬಂದಾಗ. ಕೆಲವು ಸಲ ಒಬ್ನೇ ಇದ್ದಾಗ್ಲೂ."

"ಒಬ್ನೇ ಯಾಕೆ ನಗ್ತೀಯ?"

"ಏನೋ ನೆನಪಾಗುತ್ತೆ."

"ನಂಗೆ ಹೇಳ್ಲೇ ಇಲ್ಲ," ಎಂದಳು. ಸಂಜೆಯವರೆಗೂ ಪುರಿ ಮುಟ್ಟಲಿಲ್ಲ. ಮೋಟರು ಶುರುವಾದಾಗ ಬೊಗಸೆ ತರಲಿಲ್ಲ. ಮರುದಿನವೂ ತರಲಿಲ್ಲ. ನಾನು ಹಗುರಾಗಬೇಕಿತ್ತು. ಆದರೆ ಕೋಪದಲ್ಲಿ ಬಿಟ್ಟದ್ದನ್ನು ಮಕ್ಕಳು ಪ್ರೀತಿ ಬಂದಾಗ ಮತ್ತೆ ಹಿಡಿಯುತ್ತಾರೆ. ಗುರುತಿನ ದಿನದ ಹಿಂದಿನ ಸಂಜೆ ಅವಳು ತಾನಾಗಿ ನನ್ನ ತೊಡೆಯ ಮೇಲೆ ಬಂದು ಕುಳಿತಾಗ ನಾನೂ ಮಹದೇವಿಯೂ ಒಬ್ಬರನ್ನೊಬ್ಬರು ನೋಡಿದೆವು.

ಶಾಲೆಯ ಹಜಾರದಲ್ಲಿ ತಂದೆತಾಯಿಗಳು ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು, ಮಾತಾಡಬಾರದು. ಒಬ್ಬ ಹುಡುಗ ಹೊಟ್ಟೆ ಮುಟ್ಟಿಕೊಂಡು, ಬದಲಾಯಿಸುತ್ತೇನೆಂದು ಅತ್ತ. ಒಬ್ಬಳು ನಾಲಿಗೆಯ ತುದಿ ಮುಟ್ಟಿ ಶಾಯಿ ಕಹಿಯೆಂದು ಉಗುಳಿದಳು. ಅವಳ ತಾಯಿ ಕಣ್ಣು ಮುಚ್ಚಿಕೊಂಡರು. ಆಮೇಲೆ ನೀಲಾಳ ಸರದಿ.

ಬೆರಳಿಗೆ ಶಾಯಿ ಹಚ್ಚಿಸಿಕೊಂಡವಳು ಸೀದಾ ನನ್ನ ಕಡೆ ನಡೆದು ಬಂದಳು. ಬೆರಳನ್ನು ಮೈಗೆ ತಾಗದಂತೆ ಮೇಲೆತ್ತಿ ಹಿಡಿದಿದ್ದಳು. ನಾನು ಬಗ್ಗಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ಸರಿದರೆ ಅದೂ ಹೇಳಿದಂತೆಯೇ. ಹಿಮ್ಮಡಿ ತಣ್ಣಗಾಗಿ, ಅದರಲ್ಲಿ ಒಂದೇ ಮಾತು ಓಡುತ್ತಿತ್ತು: ನಾನು ಸಾಯುವ ಹಾಗಿಲ್ಲ. ಅವಳು ನನ್ನ ಎದೆಯ ಮೇಲಿನ ಚೌಕವನ್ನು ನೋಡಿದಳು. ಆಮೇಲೆ ನನ್ನ ಮುಖವನ್ನು, ರಸ್ತೆಯಾಚೆ ನಿಂತು ನೋಡಿದ್ದ ಹಾಗೆಯೇ, ತುಂಬ ಹೊತ್ತು ನೋಡಿದಳು. ಅವಳ ಬೆರಳಿನಿಂದ ಒಂದು ಹನಿ ನೆಲಕ್ಕೆ ಬಿತ್ತು. ಪಕ್ಕದಲ್ಲಿ ಮಹದೇವಿಯ ಬಳೆ ಸದ್ದಾಯಿತು.

ನೀಲಾ ಟೀಚರ್ ಕಡೆ ತಿರುಗಿದಳು. "ಮಿಸ್, ಎಲ್ಲರ ಮುಂದೇನೇ ತೋರಿಸ್ಬೇಕಾ?"

ವಾರಿಜಾಕ್ಷಿ ಟೀಚರ್ ಮಕ್ಕಳ ಗುರುತು ಬರೆದಿಡುವ ಪುಸ್ತಕದ ಮೊದಲ ಪುಟ ತೆರೆದು ನಿಯಮಗಳ ಮೇಲೆ ಬೆರಳಾಡಿಸಿದರು. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. "ನನಗೆ ತೋರಿಸ್ಬೇಕು ಅಂತಿದೆ," ಎಂದರು. "ಅವರಿಗೂ ತೋರಿಸ್ಬೇಕು ಅಂತ ಎಲ್ಲೂ ಇಲ್ಲ."

ಇಬ್ಬರೂ ಬೀರುವಿನ ಹಿಂದೆ ಹೋದರು. ಅರ್ಧ ನಿಮಿಷವೂ ಆಗಲಿಲ್ಲ. ಟೀಚರ್ ಹೊರಗೆ ಬಂದು ಬರೆದು ಪುಸ್ತಕ ಮುಚ್ಚಿದರು. ಎಲ್ಲ ಮುಗಿದ ಮೇಲೆ ನಾನು ಹತ್ತಿರ ಹೋಗಿ ಕೇಳಿದೆ.

"ಟೀಚರ್, ನನ್ನ ಮೇಲಲ್ಲ ತಾನೆ?"

"ನಿಮ್ಮನ್ನ ಮುಟ್ಟಿದ್ಲೇನ್ರೀ?"

"ಇಲ್ಲ."

"ಮತ್ತೆ? ಮನೆಗೆ ಹೋಗಿ."

ದಾರಿಯಲ್ಲಿ ಮಹದೇವಿ ಎಷ್ಟು ಪುಸಲಾಯಿಸಿದರೂ ಆಗಲಿಲ್ಲ. "ಯಾವ ಕಡೆ ಅಂತಾದ್ರೂ ಹೇಳೇ. ಎಣ್ಣೆ ಹಚ್ಚಿ ತಲೆಗೆ ಸ್ನಾನ ಮಾಡಿಸ್ಬೇಕಲ್ಲ ನಾನು."

"ಹುಷಾರಾಗಿ ಮಾಡ್ಸಮ್ಮ," ಎಂದಳು ನೀಲಾ.

ಶಾಯಿ ಸಂಜೆಯೊಳಗೆ ಮಾಸುತ್ತದೆ. ಆ ದಿನ ಬಚ್ಚಲಿಗೆ ಅವಳೊಬ್ಬಳೇ ಹೋಗಿ ಅಗಣಿ ಹಾಕಿಕೊಂಡಳು. ಸೋಮವಾರ ನಾನು ಕೆಲಸವಿಲ್ಲದಿದ್ದರೂ ಬಸ್ಸು ಹತ್ತಿ ಸೇತುವೆ ದಾಟಿ, ಆಚೆ ಊರಿನಲ್ಲಿ ಒಂದು ಟೀ ಕುಡಿದು ಬಂದೆ. ನಾನಿಲ್ಲದಾಗ ಅವಳು ಅಮ್ಮನೊಡನೆ ಉಪ್ಪಿಟ್ಟಿನ ವಿಷಯದಲ್ಲಿ ಜಗಳವಾಡಿ, ವಾದದಲ್ಲಿ ಗೆದ್ದಿದ್ದಳಂತೆ. ಮಹದೇವಿ ಅದನ್ನು ಹೇಳುತ್ತ ಅತ್ತಳು.

ಬೇರೆಯವರ ವಿಷಯ ಸುಲಭ. ಆ ಒಂದು ಜಾಗ ಎಲ್ಲಿದೆಯೆಂದು ಗೊತ್ತಿರುತ್ತದೆ, ಅದೊಂದನ್ನು ತಪ್ಪಿಸಿ ಮಿಕ್ಕಿದ್ದನ್ನು ಹೇಗೆ ಬೇಕಾದರೂ ಹಿಡಿಯುತ್ತೇವೆ, ಎಳೆಯುತ್ತೇವೆ, ಜಗಳದಲ್ಲಿ ನೂಕುತ್ತೇವೆ. ನಮ್ಮ ಮನೆಯಲ್ಲಿ ಈಗ ಹಾಗಾಗುವುದಿಲ್ಲ. ಜಡೆ ಬಿಗಿಯುವಾಗ, ಶೂ ಹಾಕುವಾಗ, ನಿದ್ದೆಯಲ್ಲಿದ್ದವಳನ್ನು ಪಕ್ಕಕ್ಕೆ ಸರಿಸುವಾಗ ಎಲ್ಲ ಕಡೆಯೂ ಅದೇ ಇರಬಹುದೆಂದುಕೊಂಡು ಮುಟ್ಟಬೇಕು. ಈ ಭಾನುವಾರ ಅವಳ ಉಗುರು ಕತ್ತರಿಸಲು ಕುಳಿತೆ. ಎಡಗೈಯ ಕಿರುಬೆರಳಿಗೆ ಬಂದಾಗ ಅವಳು ಉಸಿರು ಬಿಗಿಹಿಡಿದಳು. ಇಲ್ಲೇ ಇರಬೇಕು ಎಂದುಕೊಂಡು ಕೂದಲಿನಷ್ಟೇ ತೆಗೆದೆ. ಪಕ್ಕದ ಬೆರಳಿಗೂ ಉಸಿರು ಹಿಡಿದಳು. ಅದರ ಪಕ್ಕದ್ದಕ್ಕೂ. ತಲೆಯೆತ್ತಿ ನೋಡಿದರೆ ತುಟಿ ಕಚ್ಚಿ ನಗು ತಡೆದುಕೊಂಡು ಬೀದಿಯ ಕಡೆ ನೋಡುತ್ತಿದ್ದಳು. ಇಪ್ಪತ್ತು ಉಗುರಿಗೆ ಮುಕ್ಕಾಲು ಗಂಟೆ ಬೇಕಾಯಿತು. ಗಿರಣಿಯ ಮುಂದೆ ಜನ ಡಬ್ಬ ತಟ್ಟುತ್ತಿರುವ ಸದ್ದು ಮನೆಯವರೆಗೂ ಕೇಳುತ್ತಿತ್ತು.